ವಿಲಿಯಂ ಪ್ಲೇಫೇರ್

ವಿಲಿಯಂ ಪ್ಲೇಫೇರ್ (೨೨ ಸೆಪ್ಟೆಂಬರ್ ೧೭೫೯ – ೧೧ ಫೆಬ್ರುವರಿ ೧೮೨೩) ಸ್ಕಾಟ್ಲೆಂಡಿನ ಎಂಜಿನಿಯರ್, ಅರ್ಥಶಾಸ್ತ್ರದ ಬರಹಗಾರ ಹಾಗೂ ಅಂಕಿ ಅಂಶಗಳನ್ನು ಚಿತ್ರರೂಪದಲ್ಲಿ ತೋರಿಸುವ ವಿಧಾನದ ಪ್ರವರ್ತಕ. ಇಂದು ಶಾಲಾ ಪಠ್ಯಪುಸ್ತಕಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಕಾಣಸಿಗುವ ರೇಖಾನಕ್ಷೆ, ಸ್ತಂಭನಕ್ಷೆ ಮತ್ತು ವೃತ್ತನಕ್ಷೆಗಳನ್ನು (ಪೈ ನಕ್ಷೆ) ಆರ್ಥಿಕ ವಿಷಯಗಳಿಗೆ ಅನ್ವಯಿಸಿ ಬಳಕೆಗೆ ತಂದವನು ಈತ. ಇನ್ಫೋಗ್ರಾಫಿಕ್ ಎಂದು ಈಗ ಕರೆಯಲಾಗುವ ಮಾಹಿತಿಚಿತ್ರಗಳ ಇತಿಹಾಸದಲ್ಲಿ ಈತನಿಗೆ ಮೊದಲ ಸಾಲಿನ ಸ್ಥಾನವಿದೆ. ಆದರೆ ಬದುಕಿದ್ದಾಗ ತನ್ನ ನಾಡಿನಲ್ಲಿ ಈ ಕಾರಣಕ್ಕಾಗಿ ಈತನಿಗೆ ಹೆಚ್ಚಿನ ಮನ್ನಣೆ ದೊರೆಯಲಿಲ್ಲ.

ಬಾಲ್ಯ ಮತ್ತು ಕಲಿಕೆ

ಪ್ಲೇಫೇರ್ ಡಂಡೀ ನಗರದ ಸಮೀಪದ ಲಿಫ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಜೇಮ್ಸ್ ಪ್ಲೇಫೇರ್ ಅಲ್ಲಿನ ಚರ್ಚಿನ ಪಾದ್ರಿ. ೧೭೭೨ರಲ್ಲಿ ತಂದೆ ತೀರಿಕೊಂಡಾಗ ವಿಲಿಯಂ ಇನ್ನೂ ಬಾಲಕ. ಮನೆಯ ಹೊಣೆಯೂ ತಮ್ಮನ ವಿದ್ಯಾಭ್ಯಾಸದ ಹೊಣೆಯೂ ಹಿರಿಯಣ್ಣ ಜಾನ್ ಪ್ಲೇಫೇರ್‌ನ ಮೇಲೆ ಬಿದ್ದವು. ಜಾನ್ ಮುಂದೆ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕನಾಗಿ ಹೆಸರು ಗಳಿಸಿದನು.

ಅಣ್ಣ ಹಾಕಿಕೊಟ್ಟ ಒಂದು ಅಭ್ಯಾಸ ತಮ್ಮನ ಬದುಕಿನುದ್ದಕ್ಕೂ ಉಳಿಯಿತು. ಉಷ್ಣತಾಮಾಪಕವನ್ನು ದಿನವೂ ನೋಡಿ, ಆ ದಿನದ ಉಷ್ಣತೆಯನ್ನು ಸಮಭಾಗ ಮಾಡಿದ ಅಳತೆಪಟ್ಟಿಯ ಮೇಲೆ ಗೆರೆಯಾಗಿ ಗುರುತಿಸಬೇಕಿತ್ತು. ಸಂಖ್ಯೆಯಲ್ಲಿ ಹೇಳಬಹುದಾದುದನ್ನು ಗೆರೆಯ ಉದ್ದದಲ್ಲಿಯೂ ತೋರಿಸಬಹುದು ಎಂಬುದೇ ಆ ಪಾಠದ ಸಾರ. ತನ್ನ ನಕ್ಷೆಗಳ ಮೂಲ ಇದೇ ಎಂದು ಪ್ಲೇಫೇರ್ ಮುಂದೆ ಅಣ್ಣನನ್ನು ಸ್ಮರಿಸಿದ್ದಾನೆ.

ಬಳಿಕ ಒಕ್ಕಣೆ ಯಂತ್ರವನ್ನು ರೂಪಿಸಿದ ಆಂಡ್ರ್ಯೂ ಮೀಕಲ್ ಎಂಬ ಯಂತ್ರಶಿಲ್ಪಿಯ ಬಳಿ ಕೆಲಸ ಕಲಿತನು. ೧೭೭೭ರಲ್ಲಿ ಬರ್ಮಿಂಗ್‌ಹ್ಯಾಮಿನ ಬೌಲ್ಟನ್ ಮತ್ತು ವಾಟ್ ಸಂಸ್ಥೆಯನ್ನು ಸೇರಿ, ಉಗಿಯಂತ್ರಕ್ಕೆ ಹೆಸರಾದ ಜೇಮ್ಸ್ ವಾಟ್‌ನ ನಕ್ಷೆಗಾರನೂ ಸಹಾಯಕನೂ ಆದನು. ಯಂತ್ರದ ಭಾಗಗಳನ್ನು ಅಳತೆಗೆ ತಕ್ಕಂತೆ ಕಾಗದದ ಮೇಲೆ ಬಿಡಿಸುವ ಶಿಸ್ತು ಇಲ್ಲಿ ಕೈಗೂಡಿತು. ಅಣ್ಣನಿಂದ ಕಲಿತ ವಿಚಾರ, ವಾಟ್‌ನ ಕಾರ್ಯಾಗಾರದಲ್ಲಿ ಪಳಗಿದ ಕೈ, ಇವೆರಡರ ಕೂಡುವಿಕೆಯನ್ನು ಮುಂದಿನ ನಕ್ಷೆಗಳಲ್ಲಿ ಕಾಣಬಹುದು. ಕೆಲವು ವರ್ಷಗಳ ನಂತರ ಆ ಕೆಲಸ ಬಿಟ್ಟು ಲಂಡನ್ನಿನಲ್ಲಿ ಬೆಳ್ಳಿ ಸಾಮಾನುಗಳ ಅಂಗಡಿ ತೆರೆದನು. ಅದು ನಷ್ಟದಲ್ಲಿ ಮುಚ್ಚಿತು.

ವಾಣಿಜ್ಯ ಮತ್ತು ರಾಜಕೀಯ ಅಟ್ಲಾಸ್ (೧೭೮೬)

ಈ ಗ್ರಂಥದಲ್ಲಿ ೪೪ ನಕ್ಷೆಗಳಿವೆ. ಅವುಗಳಲ್ಲಿ ೪೩ ಕಾಲಕ್ರಮದ ನಕ್ಷೆಗಳು. ಅಡ್ಡ ಅಕ್ಷದಲ್ಲಿ ವರ್ಷಗಳು, ಲಂಬ ಅಕ್ಷದಲ್ಲಿ ಹಣದ ಮೊತ್ತ. ಹೆಸರಿನಲ್ಲಿ ಅಟ್ಲಾಸ್ ಎಂದಿದ್ದರೂ ಇದರಲ್ಲಿ ದೇಶಗಳ ಭೂಪಟಗಳಿಲ್ಲ. ಇಂಗ್ಲೆಂಡಿನ ಆಮದು ರಫ್ತು, ರಾಷ್ಟ್ರೀಯ ಸಾಲ ಮೊದಲಾದವುಗಳ ಏರಿಳಿತವನ್ನು ಗೆರೆಗಳು ತೋರಿಸುತ್ತವೆ. ಈಸ್ಟ್ ಇಂಡೀಸ್ ಜೊತೆಗಿನ ವ್ಯಾಪಾರದ ನಕ್ಷೆಯೂ ಇದರಲ್ಲಿದೆ.

ಡೆನ್ಮಾರ್ಕ್ ಮತ್ತು ನಾರ್ವೆಯೊಡನೆ ೧೭೦೦ರಿಂದ ೧೭೮೦ರವರೆಗೆ ಇಂಗ್ಲೆಂಡ್ ನಡೆಸಿದ ವ್ಯಾಪಾರದ ನಕ್ಷೆ ಬಹಳ ಪ್ರಸಿದ್ಧವಾದುದು. ಆಮದಿನ ಗೆರೆ ಮೊದಲು ಮೇಲಿದ್ದು, ೧೭೫೦ರ ದಶಕದಲ್ಲಿ ರಫ್ತಿನ ಗೆರೆ ಅದನ್ನು ದಾಟಿ ಮೇಲೇರುತ್ತದೆ. ಎರಡು ಗೆರೆಗಳ ನಡುವಿನ ಜಾಗಕ್ಕೆ ಬಣ್ಣ ತುಂಬಿರುವುದರಿಂದ ನಷ್ಟದ ಕಾಲ ಯಾವುದು, ಲಾಭದ ಕಾಲ ಯಾವುದು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ವಿವರಣೆಯನ್ನು ಪಕ್ಕದ ಪಟ್ಟಿಯಲ್ಲಿ ಹುಡುಕಬೇಕಾಗಿಲ್ಲ; ಗೆರೆಯ ಹೆಸರನ್ನು ಗೆರೆಯ ಮೇಲೆಯೇ ಬರೆಯಲಾಗಿದೆ. ತಾಮ್ರಫಲಕದಲ್ಲಿ ಕೊರೆದು ಅಚ್ಚುಹಾಕಿದ ಈ ನಕ್ಷೆಗಳಿಗೆ ಕೈಯಿಂದ ಬಣ್ಣ ಹಚ್ಚಲಾಗುತ್ತಿತ್ತು.

ಉಳಿದ ಒಂದು ನಕ್ಷೆ ಸ್ಕಾಟ್ಲೆಂಡಿನದು. ಆ ದೇಶದ ವ್ಯಾಪಾರಕ್ಕೆ ಒಂದೇ ವರ್ಷದ (೧೭೮೦–೮೧) ಅಂಕಿ ಅಂಶಗಳು ದೊರೆತಿದ್ದವು. ಒಂದು ವರ್ಷದ ಮಾಹಿತಿಯಿಂದ ಏರಿಳಿತದ ಗೆರೆ ಎಳೆಯಲಾಗದು. ಆದ್ದರಿಂದ ೧೭ ಸ್ಥಳಗಳೊಡನೆ ನಡೆದ ಆಮದು ರಫ್ತುಗಳನ್ನು ಜೋಡಿ ಪಟ್ಟಿಗಳಾಗಿ ಬಿಡಿಸಿದನು. ಹೀಗೆ ಮಾಹಿತಿಯ ಕೊರತೆಯಿಂದ ಸ್ತಂಭನಕ್ಷೆ ಹುಟ್ಟಿತು. ಕಾಲದ ಆಯಾಮವಿಲ್ಲದ ಕಾರಣ ಪ್ಲೇಫೇರ್ ಅದನ್ನು ಉಳಿದವುಗಳಿಗಿಂತ ಕೆಳಮಟ್ಟದ್ದೆಂದೇ ಎಣಿಸಿದ್ದನು.

ಇವನಿಗಿಂತ ಮೊದಲು, ೧೭೬೫ರಲ್ಲಿ, ಜೋಸೆಫ್ ಪ್ರೀಸ್ಟ್ಲಿ ಪ್ರಸಿದ್ಧ ವ್ಯಕ್ತಿಗಳ ಜೀವಿತಾವಧಿಯನ್ನು ಗೆರೆಗಳಿಂದ ತೋರಿಸಿದ್ದನು. ಕಾಲವನ್ನು ಉದ್ದವಾಗಿ ಕಾಣಿಸುವ ಆ ಕ್ರಮಕ್ಕೆ ಹಣದ ಅಳತೆಯನ್ನು ಸೇರಿಸಿದ್ದು ಪ್ಲೇಫೇರ್‌ನ ಹೊಸತನ. ನಕ್ಷೆಗಳ ಜೊತೆಗೆ ಅಂಕಿಗಳ ಕೋಷ್ಟಕವನ್ನೂ ಕೊಡಬೇಕೆಂದು ವಾಟ್ ಸಲಹೆ ನೀಡಿದ್ದನು. ಚಿತ್ರವನ್ನೇ ಪುರಾವೆಯೆಂದು ಜನ ಒಪ್ಪಲಾರರು ಎಂಬುದು ಅವನ ಅಳುಕು.

ಫ್ರಾನ್ಸಿನಲ್ಲಿ

೧೭೮೦ರ ದಶಕದ ಕೊನೆಗೆ ಪ್ಲೇಫೇರ್ ಪ್ಯಾರಿಸಿಗೆ ಹೋದನು. ೧೭೮೯ರಲ್ಲಿ ಅಟ್ಲಾಸ್ ಫ್ರೆಂಚ್ ಭಾಷೆಗೆ ಅನುವಾದವಾಗಿ, ಸ್ವದೇಶಕ್ಕಿಂತ ಹೆಚ್ಚಿನ ಆದರ ಪಡೆಯಿತು. ಅಲ್ಲಿ ಈತ ಅಮೆರಿಕದ ಓಹಿಯೋ ಪ್ರದೇಶದ ಭೂಮಿಯನ್ನು ಫ್ರೆಂಚರಿಗೆ ಮಾರುವ ಸಯೊಟೊ ಕಂಪನಿಯ ವ್ಯವಹಾರದಲ್ಲಿ ತೊಡಗಿದನು. ಕಂಪನಿಗೆ ಆ ಭೂಮಿಯ ಒಡೆತನವೇ ಇರಲಿಲ್ಲ. ನಂಬಿ ಹಣ ಕೊಟ್ಟು ಸಮುದ್ರ ದಾಟಿದ ನೂರಾರು ಜನರಿಗೆ ತಮ್ಮ ಪತ್ರಗಳು ಬೆಲೆಯಿಲ್ಲದವೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಕ್ರಾಂತಿಯ ಉಗ್ರ ದಿನಗಳಲ್ಲಿ ಈತ ಲಂಡನ್ನಿಗೆ ಮರಳಿದನು.

ವೃತ್ತನಕ್ಷೆ (೧೮೦೧)

೧೮೦೧ರಲ್ಲಿ ಪ್ರಕಟವಾದ ‘ಸ್ಟ್ಯಾಟಿಸ್ಟಿಕಲ್ ಬ್ರೆವಿಯರಿ’ ಗ್ರಂಥದಲ್ಲಿ ಯೂರೋಪಿನ ದೇಶಗಳನ್ನು ವೃತ್ತಗಳಾಗಿ ತೋರಿಸಲಾಗಿದೆ. ವೃತ್ತದ ಕ್ಷೇತ್ರಫಲ ದೇಶದ ವಿಸ್ತೀರ್ಣವನ್ನೂ, ಎಡಗಡೆಯ ಲಂಬರೇಖೆ ಜನಸಂಖ್ಯೆಯನ್ನೂ, ಬಲಗಡೆಯದು ತೆರಿಗೆಯ ಆದಾಯವನ್ನೂ ಸೂಚಿಸುತ್ತವೆ. ತುರ್ಕಿ ಸಾಮ್ರಾಜ್ಯದ ವೃತ್ತವನ್ನು ಏಷ್ಯಾ, ಯೂರೋಪ್ ಮತ್ತು ಆಫ್ರಿಕಾ ಖಂಡಗಳ ಪಾಲಿಗೆ ತಕ್ಕಂತೆ ಮೂರು ಬಣ್ಣದ ತುಂಡುಗಳಾಗಿ ವಿಭಜಿಸಲಾಗಿದೆ. ಇದನ್ನು ಮೊದಲ ವೃತ್ತನಕ್ಷೆ ಎಂದು ಪರಿಗಣಿಸಲಾಗಿದೆ. ಗ್ರಂಥದ ಕೊನೆಯಲ್ಲಿ ಹಿಂದೂಸ್ಥಾನದ ಆಳುವ ಶಕ್ತಿಗಳ ಕುರಿತ ಭಾಗವೂ ಇದೆ.

ಈ ನಕ್ಷೆಗಳಲ್ಲಿ ದೋಷವೂ ಉಂಟು. ಎರಡು ಲಂಬರೇಖೆಗಳ ತುದಿಗಳನ್ನು ಸೇರಿಸುವ ಓರೆಗೆರೆಯ ಬಾಗನ್ನು ನೋಡಿ ತೆರಿಗೆಯ ಭಾರವನ್ನು ಅರಿಯಬೇಕೆಂಬುದು ಪ್ಲೇಫೇರ್‌ನ ಆಶಯ. ಆದರೆ ಆ ಬಾಗು ವೃತ್ತದ ಅಗಲವನ್ನೂ ಅವಲಂಬಿಸುವುದರಿಂದ ದೊಡ್ಡ ದೇಶವನ್ನೂ ಚಿಕ್ಕ ದೇಶವನ್ನೂ ಹೋಲಿಸುವಾಗ ಕಣ್ಣು ಮೋಸಹೋಗುತ್ತದೆ.

ಕೊನೆಯ ವರ್ಷಗಳು

೧೭೯೭ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಬ್ಯಾಂಕ್ ದಿವಾಳಿಯಾಯಿತು. ಸಾಲಕ್ಕಾಗಿ ಸೆರೆವಾಸವನ್ನೂ ವಂಚನೆಯ ಆರೋಪಗಳನ್ನೂ ಈತ ಎದುರಿಸಿದನು. ಬರವಣಿಗೆಯೇ ಜೀವನಾಧಾರವಾಯಿತು. ೧೮೦೫ರಲ್ಲಿ ಆಡಂ ಸ್ಮಿತ್‌ನ ‘ವೆಲ್ತ್ ಆಫ್ ನೇಶನ್ಸ್’ ಗ್ರಂಥದ ೧೧ನೆಯ ಆವೃತ್ತಿಯನ್ನು ಸಂಪಾದಿಸಿದನು. ೧೮೨೨ರ ಸುಮಾರಿಗೆ ಗೋಧಿಯ ಬೆಲೆಯನ್ನು ಸ್ತಂಭಗಳಿಂದಲೂ ಕುಶಲಕರ್ಮಿಯ ವಾರದ ಕೂಲಿಯನ್ನು ಗೆರೆಯಿಂದಲೂ ತೋರಿಸಿ, ೧೫೬೫ರಿಂದ ೧೮೨೧ರವರೆಗಿನ ದೀರ್ಘಕಾಲವನ್ನು ಒಂದೇ ಹಾಳೆಗೆ ತಂದನು. ಮೇಲ್ಭಾಗದಲ್ಲಿ ಆಯಾ ಕಾಲದ ಅರಸರ ಹೆಸರುಗಳಿವೆ. ಕೂಲಿಗೆ ಹೋಲಿಸಿದರೆ ಗೋಧಿ ಹಿಂದೆಂದೂ ಇಷ್ಟು ಅಗ್ಗವಾಗಿರಲಿಲ್ಲ ಎಂಬುದು ಈತನ ತೀರ್ಮಾನ. ಮರುವರ್ಷ ಬಡತನದಲ್ಲಿಯೇ ಲಂಡನ್ನಿನಲ್ಲಿ ನಿಧನನಾದನು.

ಪ್ರಭಾವ

ಬ್ರಿಟನ್ನಿನ ವಿದ್ವಾಂಸರು ಈ ವಿಧಾನವನ್ನು ದೀರ್ಘಕಾಲ ಕಡೆಗಣಿಸಿದರು. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಇದರ ಮಹತ್ವವನ್ನು ಗುರುತಿಸಿದನು. ೨೦ನೆಯ ಶತಮಾನದಲ್ಲಿ ಎಡ್ವರ್ಡ್ ಟಫ್ಟಿ ಮೊದಲಾದವರ ಬರಹಗಳಿಂದ ಪ್ಲೇಫೇರ್‌ನ ಹೆಸರು ಮತ್ತೆ ಬೆಳಕಿಗೆ ಬಂದಿತು. ಅಟ್ಲಾಸ್ ಮತ್ತು ಬ್ರೆವಿಯರಿ ಗ್ರಂಥಗಳು ೨೦೦೫ರಲ್ಲಿ ಮರುಮುದ್ರಣಗೊಂಡವು. ಮಾಹಿತಿಚಿತ್ರ ರಚನೆಯನ್ನು ಕಲಿಯುವವರಿಗೆ ಇಂದಿಗೂ ಹೇಳಿಕೊಡುವ ಕ್ರಮಗಳು, ಅಂದರೆ ಅಕ್ಷಗಳನ್ನು ಸ್ಪಷ್ಟವಾಗಿ ಗುರುತಿಸುವುದು, ಹೆಸರನ್ನು ಗೆರೆಯ ಬಳಿಯೇ ಬರೆಯುವುದು, ಅರ್ಥವಿರುವೆಡೆಯಲ್ಲಿ ಮಾತ್ರ ಬಣ್ಣ ಬಳಸುವುದು, ಈತನ ಮೊದಲ ಗ್ರಂಥದ ಹಾಳೆಗಳಲ್ಲಿಯೇ ಕಾಣಸಿಗುತ್ತವೆ.