ಡಾ. ಲೆಸ್ಲಿ ಸಿ. ಕೋಲ್ಮನ್ (1878–1954): ಜೀವನ ಮತ್ತು ಸೇವೆ

ಕರ್ನಾಟಕದ ಕೃಷಿ ಆಡಳಿತ ಹಾಗೂ ಸಸ್ಯರೋಗ ಸಂಶೋಧನೆಗೆ ಭದ್ರವಾದ ಬುನಾದಿಯನ್ನು ಹಾಕಿದವರಲ್ಲಿ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಪ್ರಮುಖರು. ಕೆನಡಾ ದೇಶದವರಾದ ಇವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಕಾಲು ಶತಮಾನದಷ್ಟು ಕಾಲ ಇಲ್ಲಿನ ರೈತರಿಗಾಗಿ ದುಡಿದರು.

ಜನನ ಮತ್ತು ವಿದ್ಯಾಭ್ಯಾಸ

ಕೋಲ್ಮನ್ ಅವರು 1878ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, ನಂತರ ಜರ್ಮನಿಯ ಗಾಟಿಂಗೆನ್‌ನಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಬಗ್ಗೆ ಉನ್ನತ ಅಧ್ಯಯನ ಕೈಗೊಂಡರು. 1908ರಲ್ಲಿ ಮೈಸೂರು ಸರ್ಕಾರವು ಇವರನ್ನು ಶಿಲೀಂಧ್ರ ಮತ್ತು ಕೀಟ ತಜ್ಞರನ್ನಾಗಿ ನೇಮಿಸಿಕೊಂಡಿತು.

ಅಡಿಕೆ ಕೊಳೆರೋಗದ ಸಂಶೋಧನೆ

ಮಲೆನಾಡಿನ ಅಡಿಕೆ ಬೆಳೆಗಾರರನ್ನು ಆ ಕಾಲದಲ್ಲಿ ತೀವ್ರವಾಗಿ ಕಾಡುತ್ತಿದ್ದುದು ಕೊಳೆರೋಗ. ಕರಾವಳಿಯಲ್ಲಿ ಇದಕ್ಕೆ ಮಹಾಳಿ ಎಂಬ ಹೆಸರಿದೆ. ಮುಂಗಾರು ಮಳೆ ಬಿಡದೆ ಸುರಿಯುವ ದಿನಗಳಲ್ಲಿ ಎಳೆಕಾಯಿಗಳ ಮೇಲೆ ನೀರಿನಲ್ಲಿ ನೆನೆದಂತಹ ಕಲೆಗಳು ಮೂಡಿ, ಕಾಯಿಗಳು ಕೊಳೆತು ಉದುರುತ್ತವೆ. ಉದುರಿದ ಕಾಯಿಗಳ ಮೇಲೆ ಬಿಳಿಯ ಬೂಷ್ಟು ಹರಡುತ್ತದೆ. ವರ್ಷದ ಆದಾಯವೆಲ್ಲ ಅಡಿಕೆಯೊಂದನ್ನೇ ಅವಲಂಬಿಸಿದ್ದ ಕುಟುಂಬಗಳಿಗೆ ಕೆಲವೇ ವಾರಗಳ ಮಳೆ ಸಾಲದ ಹೊರೆಯನ್ನು ತರುತ್ತಿತ್ತು. ಮಳೆ ತಾಗದಂತೆ ಗೊನೆಗಳಿಗೆ ಕೊಟ್ಟೆ ಕಟ್ಟುವುದೇ ಬೆಳೆಗಾರರಿಗೆ ತಿಳಿದಿದ್ದ ರಕ್ಷಣೆಯಾಗಿತ್ತು.

ಕೋಲ್ಮನ್ ಅವರು ಈ ರೋಗವನ್ನು ಅಭ್ಯಸಿಸಿ, ಫೈಟಾಫ್ಥೊರ ಎಂಬ ಜೀವಿಯೇ ಇದಕ್ಕೆ ಕಾರಣವೆಂದು 1910ರಲ್ಲಿ ವಿವರವಾಗಿ ಪ್ರಕಟಿಸಿದರು. ಈ ಜೀವಿಯ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಆದ್ದರಿಂದಲೇ ಮಳೆ ಹೆಚ್ಚಿದಂತೆ ರೋಗವೂ ಗೊನೆಯಿಂದ ಗೊನೆಗೆ ಹಬ್ಬುತ್ತದೆ.

ಫ್ರಾನ್ಸ್ ದೇಶದಲ್ಲಿ ದ್ರಾಕ್ಷಿಯ ಬೂಜು ರೋಗಕ್ಕೆ 1885ರ ವೇಳೆಗೆ ಬಳಕೆಗೆ ಬಂದಿದ್ದ ಬೋರ್ಡೊ ದ್ರಾವಣವನ್ನು ಅವರು ಅಡಿಕೆಗೆ ಅಳವಡಿಸಿದರು. ಮೈಲುತುತ್ತ ಮತ್ತು ಸುಣ್ಣದ ಈ ಮಿಶ್ರಣದಲ್ಲಿರುವ ತಾಮ್ರದ ಅಂಶವು ಬೀಜಾಣುಗಳು ಮೊಳೆಯದಂತೆ ತಡೆಯುತ್ತದೆ. ರೋಗ ತಗಲಿದ ಕಾಯಿಯನ್ನು ಇದು ಗುಣಪಡಿಸುವುದಿಲ್ಲ. ಹೀಗಾಗಿ ಮಳೆಗೆ ಮುನ್ನವೇ ಸಿಂಪಡಿಸುವುದು ಅತ್ಯಗತ್ಯ. ಎತ್ತರದ ಮರಗಳ ಗೊನೆಗಳಿಗೆ ದ್ರಾವಣವನ್ನು ತಲುಪಿಸುವುದು ಶ್ರಮದ ಕೆಲಸವಾಗಿದ್ದರೂ ಈ ಪದ್ಧತಿಯು ಕ್ರಮೇಣ ಅಡಿಕೆ ಸೀಮೆಯಲ್ಲೆಲ್ಲ ನೆಲೆಯೂರಿತು.

ಕೃಷಿ ನಿರ್ದೇಶಕರಾಗಿ

1913ರಲ್ಲಿ ಕೋಲ್ಮನ್ ಅವರು ಸಂಸ್ಥಾನದ ಕೃಷಿ ನಿರ್ದೇಶಕರಾದರು. ಅದೇ ವರ್ಷ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭಗೊಂಡಿತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೃಷಿ ಪ್ರಯೋಗಗಳಿಗಾಗಿ 1899ರಲ್ಲಿ ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ನೀಡಿದ್ದರು. ಆ ಶಾಲೆಯು 1946ರಲ್ಲಿ ಕಾಲೇಜಾಗಿ, 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯದ ಅಂಗವಾಯಿತು. ರಾಗಿ ತಳಿಗಳ ಸುಧಾರಣೆಯನ್ನು ಹೆಬ್ಬಾಳದಲ್ಲಿ ಕ್ರಮಬದ್ಧವಾಗಿ ಕೈಗೊಳ್ಳಲಾಯಿತು. ಮೈಸೂರಿನ ರಾಗಿ ಬೇಸಾಯವನ್ನು ಕುರಿತು ಕೋಲ್ಮನ್ ಅವರು 1920ರಲ್ಲಿ ಇಲಾಖಾ ಪುಸ್ತಿಕೆಯೊಂದನ್ನು ಬರೆದರು. ಶ್ರೀಗಂಧದ ಸ್ಪೈಕ್ ರೋಗದ ಬಗ್ಗೆಯೂ ಅಧ್ಯಯನ ನಡೆಸಿದರು.

ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರ ಹಾಗೂ 1933ರಲ್ಲಿ ಮಂಡ್ಯದಲ್ಲಿ ಸ್ಥಾಪನೆಗೊಂಡ ಮೈಸೂರು ಸಕ್ಕರೆ ಕಂಪನಿಯ ಹಿಂದೆಯೂ ಇವರ ಪರಿಶ್ರಮವಿದೆ. 1934ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದ ಅವರು 1954ರಲ್ಲಿ ನಿಧನರಾದರು.

ಇಂದಿನ ಅಣುಜೀವ ವಿಜ್ಞಾನದ ಬೆಳಕಿನಲ್ಲಿ

ಕೋಲ್ಮನ್ ಅವರಿಗೆ ಸೂಕ್ಷ್ಮದರ್ಶಕವೇ ಮುಖ್ಯ ಸಾಧನವಾಗಿತ್ತು. ಈಗ ರೋಗಾಣುವಿನ ಡಿಎನ್‌ಎ ಅನುಕ್ರಮವನ್ನು ಓದಿ ಅದರ ಗುರುತನ್ನು ನಿರ್ಧರಿಸಲಾಗುತ್ತದೆ. ಅಂತಹ ಪರೀಕ್ಷೆಗಳಿಂದ ಎರಡು ತಿದ್ದುಪಡಿಗಳಾಗಿವೆ. ಮೊದಲನೆಯದಾಗಿ, ಫೈಟಾಫ್ಥೊರವು ನಿಜವಾದ ಶಿಲೀಂಧ್ರವಲ್ಲ. ಅದರ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಇದ್ದು, ವಂಶಾವಳಿಯಲ್ಲಿ ಅದು ಕಂದು ಪಾಚಿಗಳಿಗೆ ಹತ್ತಿರವಾದುದು. ಎರಡನೆಯದಾಗಿ, ಕರ್ನಾಟಕದ ತೋಟಗಳಿಂದ ಸಂಗ್ರಹಿಸಿದ ಮಾದರಿಗಳಲ್ಲಿ ಫೈಟಾಫ್ಥೊರ ಮೀಡಿಯೈ ಎಂಬ ಪ್ರಭೇದವು ಪ್ರಧಾನವಾಗಿ ಕಂಡುಬಂದಿದೆ. ಹೆಸರು ಬದಲಾದರೂ ಮಳೆಗೆ ಮುನ್ನ ಸಿಂಪಡಿಸಬೇಕೆಂಬ ಕೋಲ್ಮನ್ ಅವರ ಕ್ರಮ ಬದಲಾಗಿಲ್ಲ.

ಆನೇಕಲ್ ತಾಲ್ಲೂಕಿನ ರೈತರಿಗೆ ಸಂಬಂಧಿಸಿದಂತೆ

ಚಂದಾಪುರದ ಸುತ್ತಮುತ್ತ ಕಾರ್ಖಾನೆಗಳು ಮತ್ತು ಬಡಾವಣೆಗಳು ಹೆಚ್ಚಿದ್ದರೂ ಆನೇಕಲ್ ತಾಲ್ಲೂಕಿನಲ್ಲಿ ರಾಗಿ ಬೇಸಾಯ ಉಳಿದುಕೊಂಡಿದೆ. ರಾಗಿಯನ್ನು ಬಾಧಿಸುವ ಬೆಂಕಿ ರೋಗವು ನಿಜವಾದ ಶಿಲೀಂಧ್ರದಿಂದ ಬರುವಂತಹುದು. ಎಲೆಗಳ ಮೇಲೆ ವಜ್ರಾಕಾರದ ಚುಕ್ಕೆಗಳು, ತೆನೆಯ ಕುತ್ತಿಗೆ ಕಪ್ಪಾಗುವುದು ಮತ್ತು ಕಾಳು ಜೊಳ್ಳಾಗುವುದು ಇದರ ಲಕ್ಷಣಗಳು. ಜಿಪಿಯು-28ರಂತಹ ರೋಗ ನಿರೋಧಕ ತಳಿಗಳ ಬಳಕೆ ಇದರ ಹತೋಟಿಗೆ ಸುಲಭ ಮಾರ್ಗ.

ರೋಗ ಯಾವುದೆಂದು ಗುರುತಿಸಿದ ನಂತರವೇ ಔಷಧಿ ಸಿಂಪಡಿಸುವುದು ಸೂಕ್ತ. ಬೆಳೆಯಲ್ಲಿ ಸಂಶಯಾಸ್ಪದ ಲಕ್ಷಣಗಳು ಕಂಡುಬಂದಲ್ಲಿ ರೈತರು ರೋಗಪೀಡಿತ ಗಿಡದ ಭಾಗದೊಂದಿಗೆ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸುವುದು. ಕಾರಣವನ್ನು ಮೊದಲು ತಿಳಿದು ಆನಂತರ ಪರಿಹಾರವನ್ನು ಕೈಗೊಳ್ಳುವ ಈ ಕ್ರಮವೇ ಕೋಲ್ಮನ್ ಅವರು ನಾಡಿಗೆ ಬಿಟ್ಟುಹೋದ ಕೊಡುಗೆಯಾಗಿದೆ.