ಕಾವೇರಿಯೂ ವಿಶ್ವೇಶ್ವರಯ್ಯನವರೂ

ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿ, ಮೈಸೂರು ಸೀಮೆಯನ್ನು ಹಾದು, ತಂಜಾವೂರಿನ ಗದ್ದೆಗಳನ್ನು ತಣಿಸಿ ಕಡಲನ್ನು ಸೇರುವ ಕಾವೇರಿಯು ಒಂದು ಸೀಮೆಯ ಸೊತ್ತಲ್ಲ. ಆದರೂ ಇಪ್ಪತ್ತನೆಯ ಶತಮಾನವು ಮೊದಲಾದಾಗ ಕೆಳಗಣ ಬಯಲು ಹಸುರಾಗಿದ್ದಿತು. ಮೇಲಣ ಮಂಡ್ಯದ ರೈತನು ಹಳೆಯ ಕಟ್ಟೆ-ನಾಲೆಗಳ ಬದಿಯಲ್ಲಲ್ಲದೆ ಉಳಿದೆಡೆಯಲ್ಲೆಲ್ಲ ಮುಗಿಲನ್ನೇ ನಂಬಿ ರಾಗಿಯನ್ನು ಬಿತ್ತುತ್ತಿದ್ದನು. ಈ ವೈಪರೀತ್ಯವನ್ನು ನೀಗಲು ಹವಣಿಸಿದವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಪರರ ಮಕ್ಕಳಿಗೆ ಪಾಠ ಹೇಳಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು; ಪುಣೆಯಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ 1884ರಲ್ಲಿ ಮುಂಬಯಿ ಸರ್ಕಾರದ ಸೇವೆಯನ್ನು ಸೇರಿದರು. ಪ್ರವಾಹ ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು 1903ರಲ್ಲಿ ಖಡಕ್‌ವಾಸ್ಲಾ ಕಟ್ಟೆಗೆ ಅಳವಡಿಸಿ, ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ನಿಲ್ಲಿಸಿದರು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದೊಡನೆ ಅವರ ಕಣ್ಣು ಕನ್ನಂಬಾಡಿಯ ಮೇಲೆ ಬಿದ್ದಿತು. ಶಿವನಸಮುದ್ರದಲ್ಲಿ 1902ರಿಂದ ಉತ್ಪನ್ನವಾಗುತ್ತಿದ್ದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿದ್ದಿತು. ಬೇಸಗೆಯಲ್ಲಿ ಹೊಳೆಯು ಬತ್ತಿದರೆ ಯಂತ್ರಗಳಿಗೆ ನೀರು ಸಾಲದು. ಗಣಿಗೆ ಬೇಕಾದ ನೀರಿನ ಹೆಸರಿನಲ್ಲಿ ರೈತನ ನೀರನ್ನೂ ಸಂಗ್ರಹಿಸಬಹುದೆಂದು ಕಂಡುದೇ ಅವರ ಜಾಣ್ಮೆ. ವೆಚ್ಚಕ್ಕೆ ಅಂಜಿ ಅರ್ಥ ಇಲಾಖೆಯವರು ಹಿಂಜರಿದರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆಯನ್ನಿತ್ತು, 1911ರಲ್ಲಿ ಕೆಲಸವು ಮೊದಲಾಯಿತು.

ಅಷ್ಟರಲ್ಲಿ ಮದರಾಸು ಅಡ್ಡ ಬಂದಿತು. 1892ರ ಒಪ್ಪಂದದಂತೆ ಅದರ ಸಮ್ಮತಿಯಿಲ್ಲದೆ ಮೈಸೂರು ಹೊಸ ಕಟ್ಟೆಯನ್ನು ಕಟ್ಟುವಂತಿರಲಿಲ್ಲ. ತಂಜಾವೂರಿನ ರೈತನ ಭಯವನ್ನು ಹುಸಿಯೆಂದು ನಾವು ಹೇಳಲಾರೆವು. ಆದರೆ ಮೇಲಣ ರೈತನು ಎಂದೆಂದಿಗೂ ಒಣಗಿರಬೇಕೆಂಬುದು ಯಾವ ನ್ಯಾಯ? ಭಾರತ ಸರ್ಕಾರವು ಸುಮಾರು 80 ಅಡಿಗಳ ಮೊದಲ ಹಂತಕ್ಕೆ ಮಾತ್ರ ಅನುಮತಿಯನ್ನಿತ್ತಿತು. ವಿಶ್ವೇಶ್ವರಯ್ಯನವರಾದರೋ ತಳಪಾಯವನ್ನು 130 ಅಡಿಯ ಗೋಡೆಗೆ ತಕ್ಕಷ್ಟು ಅಗಲವಾಗಿಯೇ ಹಾಕಿಸಿದರು. ಇದನ್ನು ಅವಿಧೇಯತೆಯೆನ್ನುವವರು ಎನ್ನಲಿ. ಅನಂತರ ತಳವನ್ನು ಅಗಲಿಸುವುದು ಸಾಧ್ಯವಿರಲಿಲ್ಲ. 1914ರ ಗ್ರಿಫಿನ್ ತೀರ್ಪು ಮೈಸೂರಿಗೆ ಅನುಕೂಲವಾಯಿತು. ಮದರಾಸು ಒಪ್ಪದೆ ಮೇಲ್ಮನವಿ ಮಾಡಿಕೊಂಡಿತು. ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿಯ ಸುರ್ಕಿ ಗಾರೆಯಿಂದ ಗೋಡೆಯು ಏರುತ್ತಲೇ ಇದ್ದಿತು. ಹಳೆಯ ಕನ್ನಂಬಾಡಿಯೂ ಹಲವು ಹಳ್ಳಿಗಳೂ ನೀರಿನಡಿಗೆ ಹೋದುವು. ಮನೆ ಮಠಗಳನ್ನು ಬಿಟ್ಟೆದ್ದ ಆ ಜನರನ್ನು ಕಟ್ಟೆಯನ್ನು ಹೊಗಳುವವರು ನೆನೆಯುವುದು ಅಪರೂಪ.

1912ರಲ್ಲಿ ದಿವಾನರಾದ ಅವರು 1918ರಲ್ಲಿ ಅಧಿಕಾರವನ್ನು ತ್ಯಜಿಸಿದರು. ಕಟ್ಟೆ ಪೂರ್ಣವಾದಾಗ ದಿವಾನಗಿರಿಯಲ್ಲಿ ಇರಲಿಲ್ಲ. 1924ರ ಒಪ್ಪಂದವು ಕನ್ನಂಬಾಡಿಯ ಕೆಳಗೆ ಮೈಸೂರಿಗೆ 1,25,000 ಎಕರೆಗಳನ್ನೂ, ಮೆಟ್ಟೂರಿನಡಿ ಮದರಾಸಿಗೆ 3,01,000 ಎಕರೆಗಳನ್ನೂ ಗೊತ್ತುಮಾಡಿತು. ವೈಸರಾಯ್ ಇರ್ವಿನ್ನರ ಹೆಸರನ್ನು ಹೊತ್ತು ಹುಲಿಕೆರೆಯ ಸುರಂಗವನ್ನು ಹಾದ ನಾಲೆಯು ಮಂಡ್ಯಕ್ಕೆ ಕಬ್ಬನ್ನು ತಂದಿತು. 1933ರಲ್ಲಿ ಅಲ್ಲಿ ಸಕ್ಕರೆಯ ಕಾರ್ಖಾನೆ ಎದ್ದಿತು. ಆ ನಾಲೆಯು ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನೇ ಪಡೆಯಿತು.

ಅವರು 1962ರಲ್ಲಿ ತೀರಿಕೊಂಡರು. ನೀರಿನ ವ್ಯಾಜ್ಯವು ಮಾತ್ರ ಅವರೊಡನೆ ತೀರಲಿಲ್ಲ. 1990ರಲ್ಲಿ ನ್ಯಾಯಮಂಡಲಿಯ ಮುಂದೆ ಹೋಗಿ, 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕಕ್ಕೆ 284.75 ಟಿ.ಎಂ.ಸಿ. ಅಡಿ ನೀರನ್ನು ನಿಗದಿಪಡಿಸುವವರೆಗೂ ನಡೆಯಿತು.