ಹೆಸರಘಟ್ಟದ ನೀರು ತಂದ ದಿವಾನರು: ಸರ್ ಕೆ. ಶೇಷಾದ್ರಿ ಅಯ್ಯರ್

ಬೆಂಗಳೂರಿನ ಮಕ್ಕಳಿಗೆ ಶೇಷಾದ್ರಿಪುರ ಗೊತ್ತು, ಶೇಷಾದ್ರಿ ರಸ್ತೆ ಗೊತ್ತು. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಗ್ರಂಥಾಲಯವನ್ನು ಕೆಲವರು ನೋಡಿರುತ್ತಾರೆ. ಈ ಮೂರಕ್ಕೂ ಹೆಸರಾದ ವ್ಯಕ್ತಿಯ ಬಗ್ಗೆ ಕೇಳಿದರೆ ಶಿವನಸಮುದ್ರದ ವಿದ್ಯುತ್ತಿನ ಉತ್ತರ ಬರುತ್ತದೆ. ಅದು ಸರಿಯೇ. ಆದರೆ ನಗರಕ್ಕೆ ಮೊದಲ ಬಾರಿಗೆ ಕೊಳವೆಯ ಮೂಲಕ ಕುಡಿಯುವ ನೀರು ಬಂದದ್ದೂ ಅವರ ಆಡಳಿತದಲ್ಲೇ. ನೀರಿನ ಘಟಕವನ್ನು ಬೋಧಿಸುವಾಗ ಅವರ ಜೀವನವನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದನ್ನು ಈ ಲೇಖನದಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಬಾಲ್ಯ ಮತ್ತು ವೃತ್ತಿ

ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರ ಜೂನ್ 1ರಂದು, ಇಂದಿನ ಕೇರಳದ ಪಾಲಕ್ಕಾಡ್ ಸೀಮೆಯಲ್ಲಿ. ತಂದೆಯನ್ನು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಅವರನ್ನು ಇಲ್ಲಿಗೆ ಕರೆಸಿಕೊಂಡವರು ರಂಗಾಚಾರ್ಲು. ಕೆಲಸದಲ್ಲಿದ್ದುಕೊಂಡೇ ಕಾನೂನು ಪದವಿಯನ್ನೂ ಮುಗಿಸಿದರು.

ಅವರು ಸೇವೆಯಲ್ಲಿದ್ದಾಗಲೇ 1876-78ರ ಭೀಕರ ಕ್ಷಾಮ ಬಂತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆಯೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದು ಆ ಕಾಲದ ಅಧಿಕಾರಿಗಳ ಕಣ್ಣ ಮುಂದೆಯೇ ಇತ್ತು.

1883ರ ಆರಂಭದಲ್ಲಿ ದಿವಾನ್ ರಂಗಾಚಾರ್ಲು ತೀರಿಕೊಂಡರು. ಮಹಾರಾಜ ಚಾಮರಾಜೇಂದ್ರ ಒಡೆಯರ್ ಅವರು ಶೇಷಾದ್ರಿ ಅಯ್ಯರ್ ಅವರನ್ನು ದಿವಾನರಾಗಿ ನೇಮಿಸಿದರು. ಆಗ ಅವರಿಗಿನ್ನೂ 40 ತುಂಬಿರಲಿಲ್ಲ. 1901ರವರೆಗೆ, ಅಂದರೆ ಸುಮಾರು 18 ವರ್ಷ ಅವರು ಆ ಹುದ್ದೆಯಲ್ಲಿದ್ದರು. ಮೈಸೂರಿನಲ್ಲಿ ಇಷ್ಟು ದೀರ್ಘ ಕಾಲ ಇದ್ದ ದಿವಾನರು ಕಡಿಮೆ.

ನದಿಯಿಲ್ಲದ ಊರು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ಇಲ್ಲಿ ಬಿದ್ದ ಮಳೆ ನಾಲ್ಕೂ ಕಡೆಗೆ ಹರಿದುಹೋಗುತ್ತದೆ, ಊರ ಬಳಿ ದೊಡ್ಡ ನದಿಯಿಲ್ಲ. ಅದಕ್ಕಾಗಿ ಹಿಂದಿನವರು ಕೆರೆ, ಬಾವಿ, ಕಲ್ಯಾಣಿಗಳನ್ನು ಕಟ್ಟಿಕೊಂಡಿದ್ದರು. ಪೇಟೆಯ ಜನರಿಗೆ ಧರ್ಮಾಂಬುಧಿ ಮತ್ತು ಸಂಪಂಗಿ ಕೆರೆಗಳು ಆಧಾರವಾಗಿದ್ದವು. ಇಂದಿನ ಕೆಂಪೇಗೌಡ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಜಾಗದಲ್ಲಿ.

1891ರ ಹೊತ್ತಿಗೆ ಪೇಟೆ ಮತ್ತು ದಂಡು ಎರಡೂ ಸೇರಿ ಜನಸಂಖ್ಯೆ ಸುಮಾರು 1 ಲಕ್ಷ 80 ಸಾವಿರ ಆಗಿತ್ತು. ಮಳೆ ಕೈಕೊಟ್ಟ ವರ್ಷ ಕೆರೆ ಬತ್ತುತ್ತಿತ್ತು. ಮಳೆ ಬಂದ ವರ್ಷ ಬೀದಿಯ ಕೊಳೆ, ಬಚ್ಚಲು ನೀರು ಕೆರೆ ಬಾವಿಗಳಿಗೆ ಸೇರುತ್ತಿತ್ತು. ನೀರಿನಿಂದ ರೋಗ ಹರಡುತ್ತದೆ ಎಂಬುದು ವಿಜ್ಞಾನಕ್ಕೆ ಖಚಿತವಾಗುತ್ತಿದ್ದ ಕಾಲವದು. 1854ರಲ್ಲಿ ಲಂಡನ್ನಿನ ಜಾನ್ ಸ್ನೋ ಕಾಲರಾ ಪ್ರಕರಣಗಳನ್ನು ನಕ್ಷೆಯ ಮೇಲೆ ಗುರುತಿಸಿ, ಅವು ಒಂದು ಬೀದಿ ಪಂಪಿನ ಸುತ್ತ ಇರುವುದನ್ನು ತೋರಿಸಿದ್ದರು. ರಾಬರ್ಟ್ ಕಾಕ್ 1883ರಲ್ಲಿ ಈಜಿಪ್ಟಿನಲ್ಲಿ ಕಾಲರಾ ರೋಗಾಣುವಿನ ಅಧ್ಯಯನ ಆರಂಭಿಸಿ, ಮರುವರ್ಷ ಕಲ್ಕತ್ತೆಯಲ್ಲಿ ಅದನ್ನು ಖಚಿತಪಡಿಸಿದರು. ಶೇಷಾದ್ರಿ ಅಯ್ಯರ್ ದಿವಾನರಾದದ್ದೂ ಅದೇ 1883ರಲ್ಲಿ.

1896: ಕೊಳವೆಯ ನೀರು

ಊರಿನಿಂದ ವಾಯವ್ಯಕ್ಕೆ ಸುಮಾರು 18 ಕಿಲೋಮೀಟರ್ ದೂರದಲ್ಲಿ, ಅರ್ಕಾವತಿ ನದಿಯ ಹರಿವಿನಲ್ಲಿ ಹೆಸರಘಟ್ಟದ ಕೆರೆಯಿತ್ತು. ಅದನ್ನು ವಿಸ್ತರಿಸಿ ಅಲ್ಲಿಂದ ನಗರಕ್ಕೆ ನೀರು ತರುವ ಯೋಜನೆಯನ್ನು ಶೇಷಾದ್ರಿ ಅಯ್ಯರ್ ಅವರ ಸರ್ಕಾರ 1894ರಲ್ಲಿ ಕೈಗೆತ್ತಿಕೊಂಡಿತು. ಅದೇ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ತೀರಿಕೊಂಡರು. ಯುವರಾಜರು ಇನ್ನೂ ಬಾಲಕರಾಗಿದ್ದರಿಂದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದರು. ಆದರೂ ಕೆಲಸ ನಿಲ್ಲಲಿಲ್ಲ. 1896ರಲ್ಲಿ ಚಾಮರಾಜೇಂದ್ರ ಜಲಸರಬರಾಜು ಯೋಜನೆ ಎಂಬ ಹೆಸರಿನಲ್ಲಿ ಅದು ಕಾರ್ಯಾರಂಭ ಮಾಡಿತು.

ಕೆರೆಯ ನೀರು ಇಳಿಜಾರಿನಲ್ಲಿ ತಾನಾಗಿಯೇ ಸೋಲದೇವನಹಳ್ಳಿಗೆ ಹರಿದು ಬರುತ್ತಿತ್ತು. ನಗರ ಅಲ್ಲಿಗಿಂತ ಎತ್ತರದಲ್ಲಿದ್ದುದರಿಂದ ಅಲ್ಲಿಂದ ಮುಂದೆ ಉಗಿಯಂತ್ರಗಳು ಅದನ್ನು ಮಲ್ಲೇಶ್ವರದ ಕಡೆಯ ಜಲಾಶಯಕ್ಕೆ ಎತ್ತುತ್ತಿದ್ದವು. ನಂತರ ಕೊಳವೆಗಳಲ್ಲಿ ಪೇಟೆಗೂ ದಂಡಿಗೂ ಹಂಚಿಕೆಯಾಗುತ್ತಿತ್ತು. ಬೀದಿಗಳಿಗೆ ನಲ್ಲಿಗಳು ಬಂದವು. ಎಲ್ಲ ಮನೆಗಳಿಗೂ ಒಮ್ಮೆಲೇ ನೀರು ಸಿಗಲಿಲ್ಲ. ಆದರೂ ಕುಡಿಯುವ ನೀರು ಆಯಾ ಮನೆಯ, ಆಯಾ ಕೇರಿಯ ಬಾವಿಗೆ ಬಿಟ್ಟ ವಿಷಯವಲ್ಲ, ಅದನ್ನು ದೂರದಿಂದ ಕಾಪಾಡಿ ತಂದು ಕೊಡುವುದು ಸರ್ಕಾರದ ಹೊಣೆ ಎಂಬುದು ಬೆಂಗಳೂರಿನಲ್ಲಿ ಕಾರ್ಯರೂಪಕ್ಕೆ ಬಂದದ್ದು ಆಗ. ಶೇಷಾದ್ರಿ ಅಯ್ಯರ್ ಅವರ ಜೀವನದಿಂದ ನಾವು ಮಕ್ಕಳಿಗೆ ಮುಖ್ಯವಾಗಿ ತಿಳಿಸಬೇಕಾದದ್ದು ಇದನ್ನೇ ಎಂದು ನನ್ನ ಅಭಿಪ್ರಾಯ.

ಇದಕ್ಕೆ ಇನ್ನೊಂದು ಮುಖವೂ ಇದೆ. ನಲ್ಲಿ ಬಂದ ಮೇಲೆ ಊರೊಳಗಿನ ಕೆರೆಗಳ ಮೇಲಿನ ಕಾಳಜಿ ಕಡಿಮೆಯಾಗುತ್ತ ಬಂತು. ಹೆಸರಘಟ್ಟವೂ ಮಳೆಯನ್ನೇ ನಂಬಿದ ಕೆರೆ, 1920ರ ದಶಕದಲ್ಲಿ ಅದೂ ಬತ್ತಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು, 1974ರಲ್ಲಿ ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿ ಬಂತು.

ಕೊನೆಯ ವರ್ಷಗಳು

1898ರಲ್ಲಿ ನಗರಕ್ಕೆ ಪ್ಲೇಗ್ ಬಡಿಯಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ನೆಲೆಗೊಳಿಸಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಚಿತ್ರದುರ್ಗ ಸೀಮೆಯ ಮಾರಿಕಣಿವೆ ಅಣೆಕಟ್ಟೆಯ ಕೆಲಸವೂ ಅವರ ಅವಧಿಯಲ್ಲೇ ಆರಂಭವಾಯಿತು. ಅನಾರೋಗ್ಯದಿಂದ 1901ರಲ್ಲಿ ಹುದ್ದೆ ಬಿಟ್ಟ ಅವರು ಅದೇ ವರ್ಷ ಸೆಪ್ಟೆಂಬರ್ 13ರಂದು ತೀರಿಕೊಂಡರು. ಶಿವನಸಮುದ್ರದ ವಿದ್ಯುತ್ ಕೋಲಾರದ ಗಣಿಗಳನ್ನು ತಲುಪಿದ್ದು 1902ರಲ್ಲಿ. ಅದನ್ನು ನೋಡಲು ಅವರು ಉಳಿಯಲಿಲ್ಲ.

ಪೀಣ್ಯದ ತರಗತಿಯಲ್ಲಿ

ಸೋಲದೇವನಹಳ್ಳಿಗೂ ಮಲ್ಲೇಶ್ವರಕ್ಕೂ ನಡುವೆ ಇರುವ ಪ್ರದೇಶವೇ ಇಂದಿನ ದಾಸರಹಳ್ಳಿ, ಪೀಣ್ಯ. ನಾನು ಬೋಧನಾಭ್ಯಾಸಕ್ಕೆ ಹೋದ ಶಾಲೆ ಈ ಭಾಗದ್ದು. ಮನೆಯಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು 8ನೇ ತರಗತಿಯಲ್ಲಿ ಕೇಳಿದಾಗ ಬೋರ್ ನೀರು, ಟ್ಯಾಂಕರ್ ನೀರು, ಕಾವೇರಿ ನೀರು, ನಾಣ್ಯ ಹಾಕಿ ತುಂಬಿಸುವ ಕ್ಯಾನ್ ನೀರು ಎಂದು ನಾಲ್ಕು ಬಗೆಯ ಉತ್ತರ ಬಂತು. ಒಂದೇ ಬೆಂಚಿನ ಮಕ್ಕಳು ನಾಲ್ಕು ಬಗೆಯ ನೀರು ಕುಡಿಯುತ್ತಿದ್ದರು.

ಬೋರ್ ನೀರು ತಿಳಿಯಾಗಿ ಕಾಣುವುದರಿಂದ ಕಾಯಿಸಿದರೆ ಸಾಕೆಂದು ಮಕ್ಕಳು ಹೇಳಿದರು. ರೋಗಾಣುಗಳ ಮಟ್ಟಿಗೆ ಇದು ಸರಿ. ಆದರೆ ಪೀಣ್ಯದಲ್ಲಿ ಲೋಹಗಳಿಗೆ ಲೇಪನ ಮಾಡುವ ಅನೇಕ ಘಟಕಗಳಿವೆ, ಇಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಬೆರೆತಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಕಾಯಿಸಿದರೆ ಕ್ರೋಮಿಯಂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ.

ಇದನ್ನು ತೋರಿಸಲು ಖರ್ಚಿಲ್ಲದ ಚಟುವಟಿಕೆಯೊಂದಿದೆ. ಒಂದು ಲೋಟ ನೀರಿಗೆ ಉಪ್ಪು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಕಾಯಿಸಿ ಆರಿಸಬೇಕು. ಅದರ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಒಣಗಿಸಿದರೆ ಬಿಳಿಯ ಕಲೆ ಉಳಿಯುತ್ತದೆ. ತಿಳಿಯಾದ ನೀರೆಲ್ಲ ಶುದ್ಧ ನೀರಲ್ಲ ಎಂಬುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಉಪ್ಪು ಇಲ್ಲಿ ಕ್ರೋಮಿಯಂನ ಬದಲಿಗೆ ಇಟ್ಟ ಮಾದರಿ ಮಾತ್ರ ಎಂಬುದನ್ನು ಶಿಕ್ಷಕರು ಸ್ಪಷ್ಟವಾಗಿ ಹೇಳಬೇಕು.

ಇದಾದ ಮೇಲೆ ಹೆಸರಘಟ್ಟದ ಕಥೆಗೆ ಹೋದರೆ ಪಾಠ ಹಿಡಿಯುತ್ತದೆ. ಇಂಥ ನೀರನ್ನು ಒಂದು ಮನೆಯವರು ತಾವೇ ಶುದ್ಧ ಮಾಡಿಕೊಳ್ಳುವುದು ಕಷ್ಟ, ಆದ್ದರಿಂದಲೇ ಸುರಕ್ಷಿತ ಮೂಲದಿಂದ ಸಾರ್ವಜನಿಕ ವ್ಯವಸ್ಥೆ ಬೇಕು ಎಂಬುದು ಅವರಿಗೇ ಹೊಳೆಯುತ್ತದೆ. 2007ರಲ್ಲಿ ಬೆಂಗಳೂರು ಪಾಲಿಕೆಗೆ 110 ಹಳ್ಳಿಗಳು ಸೇರಿದವು. ಅವುಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹೆಸರಘಟ್ಟದ ಯೋಜನೆ ಮುಗಿಯಲು ಹಿಡಿದದ್ದು ಎರಡು ವರ್ಷ, ಇದಕ್ಕೆ ಕಾದದ್ದು ಹದಿನೇಳು ವರ್ಷ. ಊರಿನ ಗಾತ್ರ, ನೀರಿನ ದೂರ ಎರಡೂ ಬೇರೆ ಎಂಬುದನ್ನು ನೆನಪಿಟ್ಟುಕೊಂಡೇ ಈ ಹೋಲಿಕೆಯನ್ನು ಮಕ್ಕಳ ಮುಂದಿಡಬಹುದು.

ಮೌಲ್ಯಮಾಪನಕ್ಕೆ ಒಂದು ಮನೆಗೆಲಸ ಸಾಕು: ಪ್ರತಿ ಮಗು ತನ್ನ ಮನೆಯ ಕುಡಿಯುವ ನೀರು ಯಾವ ಮೂಲದಿಂದ, ಯಾವ ದಾರಿಯಲ್ಲಿ, ಯಾರ ಕೈಯಿಂದ ಬರುತ್ತದೆ ಎಂದು ಕೇಳಿ ತಿಳಿದು ನಕ್ಷೆ ಬರೆಯಬೇಕು. ಅದನ್ನು ಯಾರು, ಯಾವಾಗ ಪರೀಕ್ಷಿಸಿದರು ಎಂಬುದನ್ನೂ ಬರೆಯಲು ಹೇಳಬೇಕು. ಆ ಕೊನೆಯ ಸಾಲನ್ನು ತುಂಬಲಾಗದ ಮಕ್ಕಳ ಬೀದಿಗಳನ್ನು ಪಟ್ಟಿ ಮಾಡಿ, ಶಾಲೆಯ ಮೂಲಕ ಜಲಮಂಡಳಿಗೆ ಪತ್ರ ಬರೆಸುವುದು ಪಾಠದ ಮುಂದಿನ ಹಂತವಾಗಲಿ.